ಫ್ರೇಮ್ ಲೆಕ್ಕ ಬಿಡಿ, ಬೆಳಕು ಎಷ್ಟಿದೆ ಹೇಳಿ

ಈ ಸಲ ಬಂದ ಪತ್ರಗಳಲ್ಲೂ ಮುಕ್ಕಾಲು ಪಾಲು ಅದೇ ಪ್ರಶ್ನೆ: "ಸರ್, ಯಾವ ಕ್ಯಾಮೆರಾದಲ್ಲಿ ಜಾಸ್ತಿ ಫ್ರೇಮ್ ಇದೆ?" ಫ್ರೇಮ್ ಅಂದರೆ ಕ್ಯಾಮೆರಾ ಸೆಕೆಂಡಿಗೆ ತೆಗೆಯುವ ಒಂದೊಂದು ಚಿತ್ರ; ಜಾಸ್ತಿ ಇದ್ದಷ್ಟೂ ವಿಡಿಯೊವನ್ನು ನಿಧಾನ ಮಾಡಿ ನೋಡಬಹುದು. ಓದಿ ಓದಿ ಸಾಕಾಗಿದೆ. ಅದಕ್ಕೇ ಇವತ್ತು ಮುಖ್ಯವಾಗಿ ಒಂದೇ ಪತ್ರವನ್ನು ಹಿಡಿದು ಕೂರುತ್ತೇನೆ. ಉಳಿದವರಿಗೆ ಕೊನೆಯಲ್ಲಿ ಚುಟುಕು ಉತ್ತರ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಅರಳುವುದನ್ನು ಮೊಬೈಲಿನ 960 ಫ್ರೇಮಿನಲ್ಲಿ ತೆಗೆದೆ. ವಿಡಿಯೊ ಕಪ್ಪಾಗಿದೆ, ಮಿಣುಕು ಮಿಣುಕು ಅನ್ನುತ್ತದೆ, ಕಾಳು ಮಸುಕು. 10,000 ಫ್ರೇಮಿನ ಕ್ಯಾಮೆರಾ ಬಾಡಿಗೆಗೆ ತಂದರೆ ಸರಿಹೋಗುತ್ತದಾ?

ಉತ್ತರ: ಇಲ್ಲ. ಇನ್ನೂ ಕಪ್ಪಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಸಾಮಾನ್ಯ ವಿಡಿಯೊದಲ್ಲಿ ಒಂದೊಂದು ಚಿತ್ರಕ್ಕೂ ಸೆಕೆಂಡಿನ 50ರಲ್ಲಿ ಒಂದು ಪಾಲು ಹೊತ್ತು ಬೆಳಕು ಬೀಳುತ್ತದೆ. 10,000 ಫ್ರೇಮ್ ಅಂದರೆ 10,000ದಲ್ಲಿ ಒಂದು ಪಾಲಿಗಿಂತ ಜಾಸ್ತಿ ಸಿಗುವ ಮಾತೇ ಇಲ್ಲ. ಲೆಕ್ಕ ಹಾಕಿ, 200 ಪಟ್ಟು ಬೆಳಕು ಬೇಕು. ಭಟ್ಟಿಯಲ್ಲಿ ಇರುವುದೇನು? ಮಸಿ ಹಿಡಿದ ತಗಡು, ಹೊಗೆ, ಒಂದು ಟ್ಯೂಬ್‌ಲೈಟ್. ಅಲ್ಲಿ ಎಷ್ಟು ಲಕ್ಷದ ಕ್ಯಾಮೆರಾ ಇಟ್ಟರೂ ಕತ್ತಲೆಯೇ.

ಮಿಣುಕುವುದು ಕ್ಯಾಮೆರಾದ ತಪ್ಪಲ್ಲ, ಕರೆಂಟಿನದು. ನಮ್ಮ ಕರೆಂಟು 50 ಹರ್ಟ್ಸ್. ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, 960 ಫ್ರೇಮಿಗೆ ಗೊತ್ತಾಗುತ್ತದೆ. ಹೆಚ್ಚುಕಡಿಮೆ ಹತ್ತು ಫ್ರೇಮಿಗೊಮ್ಮೆ ದೀಪ ಮಂಕು. ಎಲ್‌ಇಡಿ ತಂದರೂ ಬೆಳಕು ತಗ್ಗಿಸುವ ಗುಂಡಿ ಮುಟ್ಟಬೇಡಿ. ಅನೇಕ ಲೈಟುಗಳು ಪಟಪಟ ಆರಿ ಹತ್ತಿಯೇ ಬೆಳಕು ತಗ್ಗಿಸುವುದು.

ಇನ್ನು ಕಾಳಿನ ಮಸುಕು. ಅದು ಶಟರ್ ಕಥೆ, ಅಂದರೆ ಒಂದೊಂದು ಚಿತ್ರಕ್ಕೂ ಬೆಳಕು ಒಳಗೆ ಬಿಡುವ ಕಿಂಡಿಯದು. ಕಾಳು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಚಿಮ್ಮಿತು ಅನ್ನಿ. ಶಟರ್ ಸೆಕೆಂಡಿನ 1,000ದಲ್ಲಿ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲೇ ಅದು 2 ಮಿಲಿಮೀಟರ್ ಸರಿದಿರುತ್ತದೆ. ಅಕ್ಕಿ ಕಾಳಿನ ಉದ್ದವೇ ಆರೇಳು ಮಿಲಿಮೀಟರ್. ಅಂಚು ಎಲ್ಲಿಂದ ಕಾಣಬೇಕು? 10,000ದಲ್ಲಿ ಒಂದಕ್ಕೆ ಇಳಿಸಿದರೆ ಸರಿಯುವುದು 0.2 ಮಿಲಿಮೀಟರ್ ಅಷ್ಟೇ. ಶಟರ್ ಕೈಗೆ ಸಿಗುವ ಕ್ಯಾಮೆರಾ ಆದರೆ 1,000 ಫ್ರೇಮಿನಲ್ಲೇ ಹೀಗೆ ಇಳಿಸಬಹುದು. ಆದರೆ ಮತ್ತೆ ಬೆಳಕು ಕೇಳುತ್ತದೆ.

ಹಾಗಾದರೆ ಎಷ್ಟು ಫ್ರೇಮ್ ಸಾಕು? 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಪಾಪ್‌ಕಾರ್ನ್ ಸಿಡಿಯುವುದನ್ನು 2,900 ಫ್ರೇಮಿನಲ್ಲಿ ತೆಗೆದರು. 180 ಡಿಗ್ರಿ ಹೊತ್ತಿಗೆ ಸಿಪ್ಪೆ ಬಿರಿಯುತ್ತದೆ, ಒಳಗಿನ ಪಿಷ್ಟ ಕಾಲಿನ ಹಾಗೆ ಹೊರಬಂದು ನೆಲ ಒದೆಯುತ್ತದೆ, ಕಾಳು ಜಿಗಿಯುತ್ತದೆ. ಇಷ್ಟು ಸೂಕ್ಷ್ಮ ನೋಡೋಕೆ ಅವರಿಗೇ 2,900 ಸಾಕಾಯಿತು. ನಿಮ್ಮ ಮಂಡಕ್ಕಿಗೆ 1,000ದಿಂದ ಶುರು ಮಾಡಿ.

ಭಟ್ಟಿಯ ಒಳಗೆ ತೆಗೆಯುವ ಹಠ ಬಿಡಿ. ಬಿಸಿಲು ನೆತ್ತಿಗೆ ಬಂದಾಗ ಅಂಗಳದಲ್ಲಿ ಒಲೆ ಹೂಡಿ. ಕಬ್ಬಿಣದ ಬಾಣಲೆಯಲ್ಲಿ ಒಣ ಮರಳು ಕಾಯಿಸಿ, ಹದ ಮಾಡಿದ ಅಕ್ಕಿಯನ್ನು ಭಟ್ಟಿಯವರ ಹತ್ತಿರ ಒಂದು ಹಿಡಿ ಕೇಳಿ ತಂದು ಹಾಕಿ. ಬಿಸಿಲು ಮಿಣುಕುವುದಿಲ್ಲ, ಬಾಡಿಗೆಯೂ ಇಲ್ಲ. ಬಾಣಲೆಗೂ ಲೆನ್ಸಿಗೂ ನಡುವೆ ಒಂದು ಗಾಜು ಇರಲಿ. ನಿಮ್ಮ ಕಣ್ಣಿಗೆ ಕನ್ನಡಕ. ಇದರಲ್ಲಿ ಚೌಕಾಸಿ ಇಲ್ಲ.

ಅಷ್ಟಾದರೂ ದೊಡ್ಡ ಕ್ಯಾಮೆರಾವೇ ಬೇಕಾ? ಇದನ್ನೂ ಕೇಳಿಸಿಕೊಳ್ಳಿ. 1280×800 ಚುಕ್ಕಿಗಳ ಚಿತ್ರ, 25,000 ಫ್ರೇಮ್, ಚುಕ್ಕಿಗೆ 12 ಬಿಟ್ ಅಂದರೆ ಒಂದು ಸೆಕೆಂಡಿಗೆ ಸುಮಾರು 38 ಗಿಗಾಬೈಟ್. ಯಾವ ಕಾರ್ಡೂ ಅಷ್ಟು ಬೇಗ ಬರೆದುಕೊಳ್ಳುವುದಿಲ್ಲ. ಹಾಗಾಗಿ ಇಂಥ ಕ್ಯಾಮೆರಾ ಒಳಗಿನ ಮೆಮೊರಿಯಲ್ಲೇ ಹಳೆಯದನ್ನು ಅಳಿಸುತ್ತಾ ಹೊಸದನ್ನು ತುಂಬುತ್ತಾ ಇರುತ್ತದೆ. ಕಾಳು ಸಿಡಿದ ಮೇಲೆ ಗುಂಡಿ ಒತ್ತಿದರೆ ಹಿಂದಿನ ಕೆಲವೇ ಸೆಕೆಂಡು ಉಳಿಯುತ್ತದೆ. ನಾನು ಮೊದಲ ಸಲ ಮುಂಚೆಯೇ ಒತ್ತಿ, ಅರ್ಧ ದಿನದ ಬಾಡಿಗೆ ಕೊಟ್ಟು ಬರೀ ಮರಳಿನ ವಿಡಿಯೊ ತೆಗೆದುಕೊಂಡು ಬಂದಿದ್ದೆ. ಸರಿಯಾಗಿ ಸಿಕ್ಕರೂ ಆ ಒಂದು ಸೆಕೆಂಡನ್ನು 25 ಫ್ರೇಮಿನಲ್ಲಿ ನೋಡೋಕೆ 16 ನಿಮಿಷ 40 ಸೆಕೆಂಡ್ ಕೂರಬೇಕು. ಯಾರು ಕೂರುತ್ತಾರೆ?

ಪ್ರಶ್ನೆ: ಸಾಮಾನ್ಯ ವಿಡಿಯೊವನ್ನು ಲಕ್ಷ ಫ್ರೇಮ್ ಮಾಡುವ ಆ್ಯಪ್ ಇದೆಯಂತೆ?

ಉತ್ತರ: ಸುಮ್ನೆ ಹೇಳುತ್ತಾರೆ. ಎರಡು ಚಿತ್ರಗಳ ನಡುವೆ ಏನಾಗಿರಬಹುದು ಅಂತ ಊಹಿಸಿ ಬರೆಯುತ್ತದೆ, ಅಷ್ಟೇ. ಕೆಲವು ಮೊಬೈಲುಗಳ 960 ಕೂಡ ಅರ್ಧ ಊಹೆಯೇ. ರೀಲ್ಸಿಗೆ ಪರವಾಗಿಲ್ಲ. ಅದನ್ನೇ ತೋರಿಸಿ "ನಿಮ್ಮ ಬೇರಿಂಗ್ ಹೋಗಿದೆ" ಅಂತ ದುಡ್ಡು ಕೇಳುವವರು ಮಿಲ್ಲಿಗೆ ಬಂದರೆ ಗೇಟಿನಲ್ಲೇ ಕಳಿಸಿ. ಕ್ಯಾಮೆರಾ ನೋಡದ್ದನ್ನು ಆ್ಯಪ್ ಎಲ್ಲಿಂದ ತರುತ್ತದೆ?

ಪ್ರಶ್ನೆ: ಬೆಳಕು ಓಡುವುದನ್ನೇ ತೆಗೆಯುವ ಕ್ಯಾಮೆರಾ ಬಾಡಿಗೆಗೆ ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. 2011ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದ್ದು ಒಂದೇ ಥರದ ಲೇಸರ್ ಮಿಂಚನ್ನು ಮತ್ತೆ ಮತ್ತೆ ಬಿಟ್ಟು ಜೋಡಿಸಿದ ವಿಡಿಯೊ. 2018ರಲ್ಲಿ ಅಲ್ಲಿನದೇ ಇನ್ನೊಂದು ವಿಶ್ವವಿದ್ಯಾಲಯ ಕ್ಯಾಲ್‌ಟೆಕ್‌ನವರ ಕ್ಯಾಮೆರಾ ಒಂದೇ ಹೊಡೆತಕ್ಕೆ, ಸೆಕೆಂಡಿಗೆ 10 ಲಕ್ಷ ಕೋಟಿ ಫ್ರೇಮಿನ ವೇಗ ಮುಟ್ಟಿತು. ಅದು ಲ್ಯಾಬಿನ ಮೇಜು ಬಿಟ್ಟು ಮದುವೆ ಮನೆಗೆ ಬರುವ ವಸ್ತುವಲ್ಲ.

ಪ್ರಶ್ನೆ: ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಕ್ಕೆ ಎಷ್ಟು ಫ್ರೇಮ್ ಇಡಲಿ?

ಉತ್ತರ: ಅದು ತಿರುಗುವುದೇ ನಿಧಾನಕ್ಕೆ ಅಲ್ವಾ ಸ್ವಾಮಿ?

ಪ್ರಶ್ನೆ: ಮಿಲ್ಲಿನ ಪುಲ್ಲಿ ಅಲುಗುತ್ತಿದೆ. ಹೈಸ್ಪೀಡ್ ಕ್ಯಾಮೆರಾ ಬೇಕಾ?

ಉತ್ತರ: ಒಂದೇ ಥರ ತಿರುಗುವುದಕ್ಕೆ ಸ್ಟ್ರೋಬ್ ಲೈಟ್, ಅಂದರೆ ಒಂದೇ ಲಯದಲ್ಲಿ ಪಟಪಟ ಮಿಂಚುವ ದೀಪ ಸಾಕು, ಖರ್ಚೂ ಕಡಿಮೆ. ದೀಪ ಮಿಂಚುವ ವೇಗ ಪುಲ್ಲಿಯ ವೇಗಕ್ಕೆ ಹೊಂದಿದರೆ ಪುಲ್ಲಿ ನಿಂತಂತೆ ಕಾಣುತ್ತದೆ, ಅಲುಗಾಟ ಗೊತ್ತಾಗುತ್ತದೆ. ಕಾಣುವುದಷ್ಟೇ, ನಿಂತಿರುವುದಿಲ್ಲ. ನಾನೊಮ್ಮೆ ಸ್ಟ್ರೋಬ್ ಕೆಳಗೆ "ನಿಂತಿದ್ದ" ಪುಲ್ಲಿಯ ಮೇಲಿನ ದಾರ ತೆಗೆಯಲು ಕೈ ಚಾಚಿದ್ದೆ. ಪಕ್ಕದಲ್ಲಿದ್ದ ಫಿಟ್ಟರ್ ಅಂಗಿ ಹಿಡಿದು ಎಳೆದ. ಗುಂಡಿ ಕಿತ್ತುಹೋಯಿತು, ಬೆರಳು ಉಳಿಯಿತು. ಮೇನ್ ಸ್ವಿಚ್ ಆಫ್ ಮಾಡದೆ ಹತ್ತಿರ ಹೋಗಬೇಡಿ.