ವಾಹನ ಪ್ರಶ್ನೋತ್ತರ: ಫೋನ್ ಚಾರ್ಜ್ ಆಗುತ್ತದೆ, ಪರದೆ ಮಾತ್ರ ಖಾಲಿ

ಈ ಸಲ ವೈಪರ್ ಮತ್ತು ಬ್ರೇಕ್ ಬಗ್ಗೆ ಬರೆಯಬೇಕೆಂದಿದ್ದೆ. ಪತ್ರಗಳ ಕಟ್ಟು ಬಿಚ್ಚಿದರೆ ಹೆಚ್ಚಿನವು ಫೋನಿಗೂ ಕಾರಿನ ಪರದೆಗೂ ನಡೆದಿರುವ ಜಗಳದ ದೂರುಗಳು. ಸರಿ, ಅದನ್ನೇ ಮೊದಲು ಮುಗಿಸೋಣ. ಹೊಸಬರಿಗೆ ಒಂದು ಮಾತು: ಫೋನಿನ ಮ್ಯಾಪ್, ಹಾಡು, ಕರೆಗಳನ್ನು ಕಾರಿನ ಪರದೆಗೆ ತರುವ ಗೂಗಲ್‌ನ ವ್ಯವಸ್ಥೆ ಆಂಡ್ರಾಯ್ಡ್ ಆಟೋ; ಐಫೋನಿಗೆ ಅದೇ ಕೆಲಸ ಮಾಡುವುದು ಆ್ಯಪಲ್‌ನ ಕಾರ್‌ಪ್ಲೇ. ಪರದೆಯಿರುವ ಸ್ಟೀರಿಯೊ ಪೆಟ್ಟಿಗೆಗೆ ಹೆಡ್ ಯೂನಿಟ್ ಎನ್ನುತ್ತಾರೆ. ಕಾರು ಕಂಪನಿ ಮತ್ತು ಸರ್ವೀಸ್ ಸೆಂಟರುಗಳ ಹೆಸರುಗಳನ್ನು ಪತ್ರಗಳಿಂದ ತೆಗೆದಿದ್ದೇನೆ. ಬೈಗುಳಗಳನ್ನೂ.

ಪ್ರಶ್ನೆ: ಮೊದಲು ಕೇಬಲ್ ಚುಚ್ಚಿದ ಕೂಡಲೇ ಆಂಡ್ರಾಯ್ಡ್ ಆಟೋ ಬರುತ್ತಿತ್ತು. ಈಗ ಫೋನ್ ಚಾರ್ಜ್ ಆಗುತ್ತದೆಯೇ ಹೊರತು ಪರದೆಯಲ್ಲಿ ಏನೂ ಇಲ್ಲ. ಅಪರೂಪಕ್ಕೆ ಬಂದರೂ ರಸ್ತೆಯ ಗುಂಡಿಗೆ ಚಕ್ರ ಇಳಿದಾಗ ಕಡಿದುಹೋಗುತ್ತದೆ. ಸರ್ವೀಸ್ ಸೆಂಟರಿನವರು ಹೆಡ್ ಯೂನಿಟ್ ಕೆಟ್ಟಿದೆ, 40,000 ರೂಪಾಯಿ ಆಗುತ್ತದೆ ಎನ್ನುತ್ತಾರೆ. ಕೊಡಲೇ? (ಅಡಿಕೆ ವ್ಯಾಪಾರಿ, ಚನ್ನಗಿರಿ)

ಸದ್ಯಕ್ಕೆ ಕೊಡಬೇಡಿ. ಕ್ಯಾಸೆಟ್ ಕಾಲದಿಂದಲೂ ಕಾರಿನ ಸ್ಟೀರಿಯೊ ಬಿಚ್ಚಿ ಕೂರಿಸುವುದೇ ನನ್ನ ಕಸುಬು. ಹೆಡ್ ಯೂನಿಟ್ ಬದಲಾಯಿಸಿದಷ್ಟೂ ನಮ್ಮಂಥವರಿಗೆ ಲಾಭ. ಆದರೆ ನೀವು ಬರೆದಿರುವ ಲಕ್ಷಣಗಳು ಕೇಬಲ್ ಅಥವಾ ಪೋರ್ಟಿನವು.

ಯುಎಸ್‌ಬಿ ಕೇಬಲ್ಲಿನೊಳಗೆ ವಿದ್ಯುತ್ತಿಗೆ ಬೇರೆ ತಂತಿಗಳು, ಡೇಟಾಕ್ಕೆ ಬೇರೆ ತಂತಿಗಳು ಇರುತ್ತವೆ. ಡೇಟಾ ತಂತಿ ಒಳಗೇ ಮುರಿದರೂ ಚಾರ್ಜ್ ನಡೆಯುತ್ತಲೇ ಇರುತ್ತದೆ. ‘ಚಾರ್ಜ್ ಆಗುತ್ತಿದೆ, ಹಾಗಾದರೆ ಕೇಬಲ್ ಸರಿಯಿದೆ’ ಎಂಬ ವಾದ ನನ್ನ ಅಂಗಡಿಯಲ್ಲಿ ದಿನವೂ ಕೇಳಿಬರುತ್ತದೆ, ದಿನವೂ ಸೋಲುತ್ತದೆ. ಬಸ್ ನಿಲ್ದಾಣದ ಎದುರು ತೂಗುಹಾಕಿ ಮಾರುವ ಕೆಲವು ಕೇಬಲ್ಲುಗಳಲ್ಲಂತೂ ಡೇಟಾ ತಂತಿಯೇ ಇರುವುದಿಲ್ಲ. ಪರೀಕ್ಷೆ ಸುಲಭ: ಅದೇ ಕೇಬಲ್ಲಿನಿಂದ ಫೋನನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ ‘ಫೈಲ್ ವರ್ಗಾವಣೆ’ ಆಯ್ಕೆ ಮಾಡಿ. ಫೋಟೊಗಳ ಫೋಲ್ಡರ್ ತೆರೆದರೆ ಡೇಟಾ ತಂತಿಗೆ ಜೀವ ಇದೆ ಎಂದರ್ಥ. ತೆರೆಯದಿದ್ದರೆ ಹೊಸ ಕೇಬಲ್ ತನ್ನಿ. ಒಂದು ಮೀಟರಿಗಿಂತ ಚಿಕ್ಕದಿರಲಿ, ನಡುವೆ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಅಥವಾ ಎಕ್ಸ್‌ಟೆನ್ಷನ್ ಬೇಡ ಎಂಬುದು ಗೂಗಲ್‌ನದೇ ಸಲಹೆ. ಹಿಂದಿನ ಸೀಟಿನವರೆಗೂ ಎಟುಕಲಿ ಎಂದು ಎರಡು ಮೀಟರಿನದು ಕೊಳ್ಳುವವರು ಚಾರ್ಜಿಗೆ ಮಾತ್ರ ಅದನ್ನು ಇಟ್ಟುಕೊಳ್ಳಲಿ.

ಗುಂಡಿಯಲ್ಲಿ ಕಡಿದುಹೋಗುತ್ತದೆ ಎಂದಿದ್ದೀರಿ. ಎಲ್ಲೋ ಕೂರಬೇಕಾದದ್ದು ಸರಿಯಾಗಿ ಕೂತಿಲ್ಲ. ಅಡಿಕೆ ಗೋದಾಮಿನ ಧೂಳು ಮತ್ತು ಜೇಬಿನ ನೂಲು ಎರಡೂ ಸೇರಿ ಫೋನಿನ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತವೆ. ಕೇಬಲ್ ಕೊನೆಯವರೆಗೆ ಇಳಿಯದೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೇಫ್ಟಿ ಪಿನ್ ಮುಟ್ಟಬೇಡಿ, ಒಳಗಿನ ಕಾಲುಗಳು ಬಾಗಿದರೆ ಫೋನ್ ರಿಪೇರಿಯ ಖರ್ಚು ಬೇರೆ. ಕಾರಿನಲ್ಲಿ ಎರಡು ಮೂರು ಪೋರ್ಟುಗಳಿದ್ದರೆ ಎಲ್ಲವೂ ಪರದೆಗೆ ಹೋಗುವುದಿಲ್ಲ. ಕೆಲವು ಚಾರ್ಜಿಗೆ ಮಾತ್ರ. ಯಾವುದು ಯಾವುದಕ್ಕೆ ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ಇರಬಹುದು, ಹುಡುಕಿ.

ಇನ್ನು ಸೆಟ್ಟಿಂಗ್ಸ್. ಆಂಡ್ರಾಯ್ಡ್ 10ರಿಂದ ಈಚೆಗೆ ಆಂಡ್ರಾಯ್ಡ್ ಆಟೋ ಫೋನಿನೊಳಗೇ ಸೇರಿಕೊಂಡಿದೆ. ಪ್ರತ್ಯೇಕ ಐಕಾನ್ ಕಾಣದಿದ್ದರೆ ಗಾಬರಿ ಬೇಡ, ಸೆಟ್ಟಿಂಗ್ಸಿನ ಹುಡುಕು ಪಟ್ಟಿಯಲ್ಲಿ ಅದರ ಹೆಸರು ಬರೆಯಿರಿ. ಅಲ್ಲಿ ಹಿಂದೆ ಜೋಡಿಸಿದ ಕಾರುಗಳ ಪಟ್ಟಿ ಇರುತ್ತದೆ. ಅದರಿಂದ ನಿಮ್ಮ ಕಾರನ್ನು, ಕಾರಿನ ಪರದೆಯಿಂದ ನಿಮ್ಮ ಫೋನನ್ನು ಅಳಿಸಿ, ಎರಡನ್ನೂ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ, ಹೊಸದಾಗಿ ಜೋಡಿಸಿ. ಒಂದೇ ಕಡೆ ಅಳಿಸಿದರೆ ಸಾಲದು.

ಇಷ್ಟಾದರೂ ಬಾರದಿದ್ದರೆ ಸರ್ವೀಸ್ ಸೆಂಟರಿಗೆ ಹೋಗಿ, ನಿಮ್ಮ ಕಣ್ಣೆದುರೇ ಬೇರೆ ಫೋನು ಮತ್ತು ಬೇರೆ ಕೇಬಲ್ ಹಾಕಿ ತೋರಿಸಲು ಹೇಳಿ. ಅದೂ ಬಾರದಿದ್ದರೆ ಯುಎಸ್‌ಬಿ ಪೋರ್ಟ್ ಮತ್ತು ಅದರ ಹಿಂದಿನ ವೈರನ್ನು ಮೊದಲು ಬದಲಿಸಲಿ. ಹೆಡ್ ಯೂನಿಟ್ಟಿನ ಬೆಲೆಯ ಮುಂದೆ ಅವು ಏನೇನೂ ಅಲ್ಲ. ಹೆಡ್ ಯೂನಿಟ್ಟಿನ ಮಾತು ಆಮೇಲೆ. ಅದಕ್ಕೂ ಮುಂಚೆ ವಾರಂಟಿಯ ಪುಟ ಓದಿ.

ಪ್ರಶ್ನೆ: ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ದಿನದಿಂದ ಆಂಡ್ರಾಯ್ಡ್ ಆಟೋ ಕೆಲಸ ಮಾಡುತ್ತಿಲ್ಲ. ಹಾಡು, ರೇಡಿಯೊ ಎಲ್ಲ ಸರಿಯಿದೆ. ಬ್ಯಾಟರಿ ಹಾಕಿದ ಹುಡುಗ ಯಾವುದೋ ತಂತಿ ತಪ್ಪಿ ಜೋಡಿಸಿದ್ದಾನೆಂದು ನನ್ನ ಅನುಮಾನ. (ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ)

ಹುಡುಗನನ್ನು ಬಿಟ್ಟುಬಿಡಿ ಮೇಷ್ಟ್ರೇ, ಪರದೆಯ ಮೇಲಿನ ದಿನಾಂಕ ನೋಡಿ. ಬ್ಯಾಟರಿ ತೆಗೆದಾಗ ಕೆಲವು ಕಾರುಗಳ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಫೋನು ಮತ್ತು ಕಾರು ಕೈಜೋಡಿಸುವ ಮೊದಲು ಒಂದಕ್ಕೊಂದು ಡಿಜಿಟಲ್ ಪ್ರಮಾಣಪತ್ರ ತೋರಿಸಿಕೊಳ್ಳುತ್ತವೆ. ಆ ಪತ್ರಕ್ಕೆ ‘ಈ ದಿನದಿಂದ ಈ ದಿನದವರೆಗೆ’ ಎಂಬ ಅವಧಿ ಇರುತ್ತದೆ. ನಿಮ್ಮ ಕಾರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಮಾತುಕತೆ ಅಲ್ಲಿಗೇ ಮುರಿಯುತ್ತದೆ. ರೇಡಿಯೊಗೆ ಈ ತಕರಾರು ಇಲ್ಲ.

ದಿನಾಂಕ, ವರ್ಷ, ಸಮಯ ಸರಿಪಡಿಸಿ. ಜಿಪಿಎಸ್ ಮೂಲಕ ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ, ಕಾರನ್ನು ಶೆಡ್ಡಿನಿಂದ ಈಚೆಗೆ ತಂದು ಮರದ ನೆರಳಿಲ್ಲದ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿ. ನಿಮ್ಮ ಊರಿನಲ್ಲಿ ಅಂಥ ಜಾಗ ಹುಡುಕುವುದೇ ಕಷ್ಟ ಎಂದು ಬಲ್ಲೆ.

ಪ್ರಶ್ನೆ: ಕಾರು ನನ್ನದು, ಸಾಲ ನನ್ನ ಹೆಸರಿನಲ್ಲಿ. ಆದರೆ ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಹಿಡಿಯುವುದು ನಮ್ಮ ಯಜಮಾನರ ಫೋನನ್ನೇ. ಅವರು ಗೇಟಿನ ಬಳಿ ನಿಂತಿದ್ದರೂ ಸಾಕು. ನಾನು ಮ್ಯಾಪ್ ಹಾಕುವಷ್ಟರಲ್ಲಿ ಅವರ ಅಕ್ಕನ ಕರೆ ಸ್ಪೀಕರಿನಲ್ಲಿ! (ಬ್ಯಾಂಕ್ ಉದ್ಯೋಗಿ, ಮೈಸೂರು)

ಅತ್ತಿಗೆಯ ವಿಷಯದಲ್ಲಿ ನಾನು ತಲೆ ಹಾಕುವುದಿಲ್ಲ ತಾಯಿ, ಫೋನಿನದ್ದು ಹೇಳುತ್ತೇನೆ. ವೈರ್‌ಲೆಸ್ ಎಂದರೆ ಬ್ಲೂಟೂತ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಬ್ಲೂಟೂತಿನ ಪಾತ್ರ ಪರಿಚಯ ಮಾಡಿಸುವುದಷ್ಟೇ. ಅದರ ಮೂಲಕ ಕಾರು ತನ್ನ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು ಫೋನಿಗೆ ದಾಟಿಸುತ್ತದೆ. ಚಿತ್ರ, ಧ್ವನಿ, ಮ್ಯಾಪ್ ಎಲ್ಲ ಆಮೇಲೆ 5 ಗಿಗಾಹರ್ಟ್ಸ್ ವೈ-ಫೈ ಮೇಲೆ ಹರಿಯುತ್ತವೆ. ಆದ್ದರಿಂದ ಕಾರು ಮೊದಲು ಯಾರ ಬ್ಲೂಟೂತ್ ಹಿಡಿಯಿತೋ ಪರದೆ ಅವರದು. ಕಾರಿನ ಬ್ಲೂಟೂತ್ ಸೆಟ್ಟಿಂಗ್ಸಿನಲ್ಲಿ ಆದ್ಯತೆಯ ಫೋನ್ ಆರಿಸುವ ಅವಕಾಶವಿದ್ದರೆ ನಿಮ್ಮದನ್ನು ಮೇಲಿಡಿ. ಯಜಮಾನರ ಫೋನಿನ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸಿನಲ್ಲಿ, ತಾನಾಗಿ ಶುರುವಾಗುವ ಆಯ್ಕೆ ‘ಯಾವಾಗಲೂ’ ಎಂದಿದ್ದರೆ ಅದನ್ನು ಬದಲಿಸಿ. ಅವರು ಈ ಕಾರನ್ನು ಓಡಿಸುವುದೇ ಇಲ್ಲವಾದರೆ ಅವರ ಫೋನನ್ನು ಪಟ್ಟಿಯಿಂದಲೇ ಅಳಿಸಿ.

ಇನ್ನೊಂದು: ಕಚೇರಿಯ ಕೆಲಸಕ್ಕೆಂದು ನಿಮ್ಮ ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಕಚೇರಿಯ ಜಾಲದ ಮೂಲಕ ಹಾಯಿಸುವ ಆ್ಯಪ್) ಹಾಕಿದ್ದರೆ ಕಾರು ಹತ್ತುವಾಗ ಅದನ್ನು ಆಫ್ ಮಾಡಿ ನೋಡಿ. ಕಾರಿನ ವೈ-ಫೈಗೂ ವಿಪಿಎನ್‌ಗೂ ಆಗಾಗ ಹೊಂದುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಸರಿಯಾಗಿರುತ್ತದೆ. ಮಧ್ಯಾಹ್ನ ಸಿಂಧನೂರು ಕಡೆ ಹೊರಟರೆ ಅರ್ಧ ದಾರಿಯಲ್ಲಿ ವೈರ್‌ಲೆಸ್ ಸಂಪರ್ಕ ತಡವರಿಸಿ ನಿಲ್ಲುತ್ತದೆ. ಫೋನನ್ನು ಕಾರಿನ ವೈರ್‌ಲೆಸ್ ಚಾರ್ಜರ್ ಮೇಲೇ ಇಟ್ಟಿರುತ್ತೇನೆ. (ಗೊಬ್ಬರ ವಿತರಕ, ರಾಯಚೂರು)

ಕಾರಣವನ್ನು ನೀವೇ ಬರೆದಿದ್ದೀರಿ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಐಫೋನನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ; ಬೇರೆ ಫೋನುಗಳೇನೂ ಉಕ್ಕಿನವಲ್ಲ. ನಿಮ್ಮ ಫೋನು ಏಕಕಾಲಕ್ಕೆ ಜಿಪಿಎಸ್ ಹಿಡಿಯುತ್ತಿದೆ, ಚಿತ್ರ ತಯಾರಿಸುತ್ತಿದೆ, ವೈ-ಫೈ ಮೇಲೆ ಕಳಿಸುತ್ತಿದೆ. ಅದರ ಕೆಳಗೆ ವೈರ್‌ಲೆಸ್ ಚಾರ್ಜರ್ ಬೇರೆ ಬಿಸಿಯಾಗುತ್ತಿದೆ. ಕಾವು ಮಿತಿ ಮೀರಿದಾಗ ಫೋನು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತು ಚಾರ್ಜರ್ ಮೇಲೆ ಇಡಬೇಡಿ, ದಪ್ಪ ಕವರ್ ತೆಗೆಯಿರಿ, ಎ.ಸಿ. ಗಾಳಿ ಬೀಳುವ ಕಡೆ ಸಿಕ್ಕಿಸಿ. ಕೇಬಲ್ ಹಾಕಿದರೆ ಇನ್ನೂ ಒಳ್ಳೆಯದು. ನನ್ನನ್ನು ಕೇಳಿದರೆ ದೂರದ ಪ್ರಯಾಣಕ್ಕೆ ಕೇಬಲ್ಲೇ ಸರಿ. ವೈರ್‌ಲೆಸ್ ಊರೊಳಗಿನ ಓಡಾಟದ ಸೌಖ್ಯ.

ಪ್ರಶ್ನೆ: ಬ್ಲೂಟೂತಿನಲ್ಲಿ ಹಾಡು ಹಾಕಿದರೆ ಕನ್ನಡದ ಹೆಸರುಗಳ ಜಾಗದಲ್ಲಿ ಚೌಕ ಚೌಕ ಡಬ್ಬಿಗಳು. ಅದೇ ಹಾಡು ಆಂಡ್ರಾಯ್ಡ್ ಆಟೋದಲ್ಲಿ ಸ್ವಚ್ಛ ಕನ್ನಡ. ಒಂದೇ ಕಾರು, ಒಂದೇ ಫೋನು, ಯಾಕೆ ಹೀಗೆ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ಈ ಕಟ್ಟಿನಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದು. ಬ್ಲೂಟೂತಿನಲ್ಲಿ ಫೋನು ಹಾಡಿನ ಹೆಸರನ್ನು ಬರೀ ಅಕ್ಷರಗಳ ಸಂಕೇತವಾಗಿ ಕಳಿಸುತ್ತದೆ, ಅದನ್ನು ಪರದೆಯ ಮೇಲೆ ಬರೆಯುವ ಕೆಲಸ ಕಾರಿನದು. ಕಾರಿನೊಳಗೆ ಕನ್ನಡ ಫಾಂಟ್ ಇಲ್ಲದಿದ್ದರೆ ಡಬ್ಬಿಗಳು. ಆಂಡ್ರಾಯ್ಡ್ ಆಟೋದಲ್ಲಿ ಇಡೀ ಚಿತ್ರವನ್ನು ಫೋನೇ ಬರೆದು ವಿಡಿಯೊ ಆಗಿ ಕಳಿಸುತ್ತದೆ. ಕಾರು ಅದನ್ನು ತೋರಿಸಿ, ನೀವು ಪರದೆ ಮುಟ್ಟಿದ ಜಾಗವನ್ನು ಫೋನಿಗೆ ವರದಿ ಮಾಡುತ್ತದೆ. 2014ರ ಮಾರ್ಚಿನಲ್ಲಿ ಆ್ಯಪಲ್ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ತೋರಿಸಿದ ಕಾರ್‌ಪ್ಲೇ, ಅದೇ ಜೂನಿನಲ್ಲಿ ಗೂಗಲ್ ಪ್ರಕಟಿಸಿದ ಆಂಡ್ರಾಯ್ಡ್ ಆಟೋ, ಎರಡರ ಉಪಾಯವೂ ಇದೇ. ಕಾರು ಇಲ್ಲಿ ಟಿ.ವಿ. ಇದ್ದಂತೆ. ಅದಕ್ಕೇ ತೊಂದರೆ ಬಂದಾಗ ಮೊದಲು ಫೋನು, ಆಮೇಲೆ ಕೇಬಲ್, ಕಡೆಗೆ ಕಾರು ನೋಡಿ ಎಂದು ಎಲ್ಲರಿಗೂ ಹೇಳುವುದು. ಬ್ಲೂಟೂತಿನ ಡಬ್ಬಿಗಳಿಗೆ ಮಾತ್ರ ಕಾರು ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ಕೇಳಿ ಪತ್ರ ಬರೆಯಿರಿ, ಕನ್ನಡದಲ್ಲೇ.

ಪ್ರಶ್ನೆ: ಐಫೋನಿನ ಕಾರ್‌ಪ್ಲೇ ಇದ್ದಕ್ಕಿದ್ದಂತೆ ಮಾಯ. ಕೇಬಲ್ ಹೊಸದು. ನಾನು ಮಾಡಿದ್ದೆಂದರೆ, ಕರೆಯದಿದ್ದರೂ ಓಗೊಡುತ್ತಿದ್ದ, ಫೋನಿನ ಧ್ವನಿ ಸಹಾಯಕಿ ಸಿರಿಯ ಕಾಟ ತಾಳದೆ ಆಫ್ ಮಾಡಿದ್ದು ಮಾತ್ರ. (ಗೃಹಿಣಿ, ಮಂಗಳೂರು)

ಸಿರಿ ಇಲ್ಲದೆ ಕಾರ್‌ಪ್ಲೇ ಇಲ್ಲ, ಎರಡನ್ನೂ ಆ್ಯಪಲ್ ಗಂಟು ಹಾಕಿದೆ. ಸಿರಿಯನ್ನು ಮತ್ತೆ ಆನ್ ಮಾಡಿ, ಹೆಸರು ಕೇಳಿ ಓಗೊಡುವ ಆಯ್ಕೆಯನ್ನಷ್ಟೇ ಆಫ್ ಮಾಡಿ. ಗುಂಡಿ ಒತ್ತಿದರೆ ಮಾತ್ರ ಮಾತನಾಡುತ್ತದೆ. ಮಕ್ಕಳ ಸಲುವಾಗಿ ‘ಸ್ಕ್ರೀನ್ ಟೈಮ್’ ನಿರ್ಬಂಧ ಹಾಕಿದ್ದರೆ ಅಲ್ಲಿಯೂ ಕಾರ್‌ಪ್ಲೇಗೆ ಅನುಮತಿ ಇದೆಯೇ ನೋಡಿ.

ಪ್ರಶ್ನೆ: ಓಡಿಸುವಾಗ ಪರದೆಯಲ್ಲಿ ಕ್ರಿಕೆಟ್ ನೋಡುವ ದಾರಿ ಇದೆಯೇ? (ಹಾಸನ)

ಇದ್ದರೂ ಹೇಳುವುದಿಲ್ಲ. ಕಾಮೆಂಟರಿ ಕೇಳಿ.

ಪ್ರಶ್ನೆ: ಹಳೆಯ ವ್ಯಾಗನ್ ಆರ್‌ಗೆ ‘ಆಂಡ್ರಾಯ್ಡ್ ಸ್ಟೀರಿಯೊ’ ಹಾಕಿಸಿದೆ. ಆಂಡ್ರಾಯ್ಡ್ ಆಟೋ ಇದೆ ಎಂದಿದ್ದರು. ಫೋನ್ ಜೋಡಿಸಿದರೆ ಏನೂ ಬರುವುದಿಲ್ಲ. ಜೊತೆಗೆ ಪ್ರತಿ ಸಲ ಕಾರು ಶುರು ಮಾಡಿದಾಗ ಬ್ಲೂಟೂತ್ ಹೊಸದಾಗಿ ಪೇರ್ ಮಾಡಬೇಕು, ಗಡಿಯಾರವೂ ಸೊನ್ನೆಗೆ. (ಬಟ್ಟೆ ಅಂಗಡಿಯವರು, ಹುಬ್ಬಳ್ಳಿ)

ಎರಡು ಬೇರೆ ಬೇರೆ ತೊಂದರೆಗಳು. ಆಂಡ್ರಾಯ್ಡ್ ಸ್ಟೀರಿಯೊ ಎಂದರೆ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಟ್ಯಾಬ್ಲೆಟ್ ಅಷ್ಟೇ. ಅದರಲ್ಲಿ ಆಂಡ್ರಾಯ್ಡ್ ಇದ್ದ ಮಾತ್ರಕ್ಕೆ ಆಂಡ್ರಾಯ್ಡ್ ಆಟೋ ಇರಬೇಕೆಂದಿಲ್ಲ. ಅಗ್ಗದ ಅನೇಕ ಸ್ಟೀರಿಯೊಗಳಲ್ಲಿ ಈ ಕೆಲಸಕ್ಕೆ ಜೆಡ್‌ಲಿಂಕ್‌ನಂಥ ಬೇರೆ ಆ್ಯಪ್ ಇರುತ್ತದೆ. ಮೊದಲು ಸ್ಟೀರಿಯೊದಲ್ಲಿ ಆ ಆ್ಯಪ್ ತೆರೆದು, ಆಮೇಲೆ ಫೋನ್ ಜೋಡಿಸಿ. ಅಂಥ ಆ್ಯಪೇ ಇಲ್ಲದಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ. ಬಿಲ್ಲಿನಲ್ಲಿ ‘ಆಂಡ್ರಾಯ್ಡ್ ಆಟೋ’ ಎಂದು ಬರೆಸಿಕೊಂಡಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಎರಡನೆಯದು ವೈರಿಂಗ್. ಸ್ಟೀರಿಯೊದ ಹಳದಿ ವೈರು ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆಯಬೇಕು, ನೆನಪು ಉಳಿಯುವುದು ಅದರಿಂದ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್. ಅವಸರದಲ್ಲಿ ಎರಡನ್ನೂ ಸೇರಿಸಿ ಕೀ ಸ್ವಿಚ್ಚಿಗೇ ಕೊಟ್ಟಿದ್ದಾರೆ ಎಂದು ಕಾಣುತ್ತದೆ. ಹಾಗಾಗಿ ಕೀ ತೆಗೆದ ಕೂಡಲೇ ಸ್ಟೀರಿಯೊ ಎಲ್ಲ ಮರೆಯುತ್ತದೆ. ಎಲೆಕ್ಟ್ರಿಷಿಯನ್ ಬಳಿ ಮಲ್ಟಿಮೀಟರ್ ಇಡಿಸಿ ನೋಡಿ. ಕೀ ತೆಗೆದ ಮೇಲೂ ಹಳದಿಯಲ್ಲಿ ಸುಮಾರು 12 ವೋಲ್ಟ್ ತೋರಿಸಬೇಕು, ಕೆಂಪಿನಲ್ಲಿ ಸೊನ್ನೆ. ಬೇರೆ ಥರ ತೋರಿಸಿದರೆ ಹಳದಿಯನ್ನು ಫ್ಯೂಸ್ ಸಮೇತ ಬ್ಯಾಟರಿಯ ಲೈನಿಗೆ ಹಾಕಿಸಿ. ಫ್ಯೂಸ್ ಬೇಡ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಪಕ್ಕದ ಅಂಗಡಿಗೆ ಹೋಗಿ.