ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಇಸಿಎಂ ಬದಲಿಸಬೇಕಾ?

ನೀವು ಬರೆದಿರುವುದು ಇಷ್ಟು: 2004ರ ಮಾರುತಿ 800, ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿ, ತೀರ್ಥಹಳ್ಳಿ ಕಡೆಯ ಮನೆಯ ಕೊಟ್ಟಿಗೆಯಲ್ಲಿ ಮಳೆಗಾಲ ಪೂರ್ತಿ ನಿಂತಿತ್ತು. ಈಗ ಸೆಲ್ಫ್ ಹೊಡೆದರೆ ಇಂಜಿನ್ ಗಟ್ಟಿಯಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದಿರಿ, ಪ್ಲಗ್ ಬದಲಿಸಿದಿರಿ. ಕೊನೆಗೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ "ಇಸಿಎಂ ಹೋಗಿದೆ" ಅಂದರು, ಅಂದರೆ ಪೆಟ್ರೋಲ್, ಕಿಡಿ ಎರಡನ್ನೂ ನಡೆಸುವ ಇಂಜಿನ್ ಕಂಪ್ಯೂಟರ್. ಬದಲಿಸಲೇ ಬೇಕಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಇಸಿಎಂ ಸತ್ತಿದೆ ಅಂತ ಹೇಳಿಸಿಕೊಂಡು ಬರುವ ಗಾಡಿಗಳಲ್ಲಿ ನಿಜವಾಗಿ ಸತ್ತಿರುವುದು ಅಪರೂಪ, ಅದಕ್ಕೆ ಕರೆಂಟೇ ಮುಟ್ಟದೆ ಇರುವುದೇ ಜಾಸ್ತಿ. ಕರೆಂಟ್ ನೋಡದೆ ಇಸಿಎಂ ಬದಲಿಸುವುದು ಎಣ್ಣೆ ತೀರಿದ ಲಾಟೀನಿಗೆ ಹೊಸ ಗಾಜು ಹಾಕಿದ ಹಾಗೆ.

ಪೆಟ್ರೋಲ್ ಇಂಜಿನ್ ಹತ್ತಿಕೊಳ್ಳಲು ಪೆಟ್ರೋಲ್ ಬರಬೇಕು, ಪ್ಲಗ್‌ನಲ್ಲಿ ಕಿಡಿ ಬರಬೇಕು, ಒಳಗೆ ಕಂಪ್ರೆಷನ್ (ಗಾಳಿ-ಪೆಟ್ರೋಲ್ ಒತ್ತಿಕೊಳ್ಳುವ ಬಲ) ಇರಬೇಕು, ಇವೆಲ್ಲ ಸರಿಯಾದ ಹೊತ್ತಿಗೆ ಆಗಬೇಕು. ಇದರಲ್ಲಿ ಯಾವುದು ಇಲ್ಲ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯ ಸ್ಪೇರ್ ಕೂಡ ತರಬೇಡಿ.

ಮೊದಲು ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಮೀಟರ್‌ನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತಾ ನೋಡಿ. ಹಿಂದಿನ ಸೀಟಿನ ಕಡೆ ಕಿವಿ ಕೊಡಿ, ಟ್ಯಾಂಕ್ ಒಳಗಿನ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ದೀಪವೂ ಇಲ್ಲ, ಸದ್ದೂ ಇಲ್ಲ ಅಂದರೆ ಇಸಿಎಂಗೆ ಕರೆಂಟ್ ಅಥವಾ ಅರ್ತ್ (ಬ್ಯಾಟರಿಯ ಮೈನಸ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ) ಸಿಗುತ್ತಿಲ್ಲ. ಫ್ಯೂಸ್, ಮೈನ್ ರಿಲೇ (ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್), ಇಂಜಿನ್‌ಗೆ ಬೋಲ್ಟ್ ಮಾಡಿರುವ ಅರ್ತ್ ವೈರ್, ಇವು ಮೂರನ್ನೂ ನೋಡಿ. (ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ಒಂದು ಮಾತು: ಮಾರುವಾಗ ಆ ದೀಪದ ಬಲ್ಬನ್ನೇ ಕಿತ್ತಿಡುವ ಜಾಣರಿದ್ದಾರೆ. ದೀಪ ಹತ್ತದಿದ್ದರೂ ಪಂಪ್ ಸದ್ದು ಬಂದರೆ ಬಲ್ಬ್ ಮೇಲೆ ಅನುಮಾನ ಪಡಿ.)

ಫ್ಯೂಸನ್ನು ಕಣ್ಣಲ್ಲಿ ನೋಡಿ "ಸರಿ ಇದೆ" ಅನ್ನಬೇಡಿ. ಟೆಸ್ಟ್ ಲ್ಯಾಂಪ್ ಹಿಡಿದು ಎರಡೂ ತುದಿಯಲ್ಲಿ ಕರೆಂಟ್ ನೋಡಿ. ಮಲೆನಾಡಿನಲ್ಲಿ ನಿಂತ ಗಾಡಿಯ ರಿಲೇ ಎಳೆದರೆ ಕಾಲುಗಳಿಗೆ ಹಸಿರು ಪಾಚಿಯ ಹಾಗೆ ಕಿಲುಬು ಹತ್ತಿರುತ್ತದೆ. ಅದನ್ನು ಸಣ್ಣ ಉಪ್ಪು ಕಾಗದದಲ್ಲಿ ಉಜ್ಜಿ ವಾಪಸ್ ಹಾಕಿದರೆ ಎಷ್ಟೋ ಗಾಡಿ ಅಲ್ಲೇ ಎದ್ದುಬಿಡುತ್ತವೆ. ಆ ರಿಲೇ ಇರುವ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಅರ್ತ್ ನೋಡಲು ವೋಲ್ಟ್ ಅಳೆಯುವ ಮೀಟರ್ ಬೇಕು. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಒತ್ತಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿತೋ, ಅರ್ತ್ ಸಡಿಲ ಅಥವಾ ತುಕ್ಕು. ಹಾಗೇ ಬ್ಯಾಟರಿಯ ಎರಡು ತುದಿಗೂ ಹಿಡಿದು ನೋಡಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಹೊಸ ಬ್ಯಾಟರಿಯಾದರೂ ಚಾರ್ಜ್ ಮಾಡಿಸಿ. ಇಂಜಿನ್ ತಿರುಗುವಷ್ಟು ಕಸುವಿದ್ದರೂ ಇಸಿಎಂಗೆ ಅದು ಸಾಲದೆ ಹೋಗಬಹುದು.

ದೀಪ ಹತ್ತಿ ಪಂಪ್ ಸದ್ದು ಮಾತ್ರ ಇಲ್ಲ ಅಂದರೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪಂಪ್ ಮೋಟಾರ್ ಹಿಡಿದುಕೊಂಡಿರಬಹುದು. ಮನೆಯವರೊಬ್ಬರು ಕೀ ಆನ್ ಮಾಡುವಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹಾಗೆ ತಟ್ಟಿ ಎದ್ದ ಪಂಪನ್ನು ನಂಬಿಕೊಂಡು ಆಗುಂಬೆ ಘಾಟಿ ಇಳಿಯಬೇಡಿ, ಮೊದಲು ಬದಲಿಸಿ.

ಪಂಪ್ ಚೆನ್ನಾಗಿದ್ದರೆ ಪೆಟ್ರೋಲ್ ಮೇಲೆ ಅನುಮಾನ. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕ ಇ20, ಅಂದರೆ ನೂರಕ್ಕೆ 20 ಭಾಗ ಎಥೆನಾಲ್ ಸೇರಿದ ಪೆಟ್ರೋಲು, ಈಗ ಎಲ್ಲ ಕಡೆ ಬಂದಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎರಡೂ ಒಟ್ಟಿಗೆ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆಸಿ ಅರ್ಧ ಗಂಟೆ ಬಿಡಿ. ಎರಡು ಪದರ ಕಂಡರೆ, ಅಥವಾ ಹಳೇ ವಾರ್ನಿಷ್ ವಾಸನೆ ಹೊಡೆದರೆ, ಟ್ಯಾಂಕ್ ಖಾಲಿ ಮಾಡಿಸಿ ಫಿಲ್ಟರ್ ಬದಲಿಸಿ.

ಈಗ ಪ್ಲಗ್. ಒಂದಿಷ್ಟು ಸೆಲ್ಫ್ ಹೊಡೆದ ಮೇಲೆ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಇದೆ, ಕಿಡಿ ಇಲ್ಲ ಅಥವಾ ನೀವು ಸೆಲ್ಫ್ ಹೊಡೆದು ಹೊಡೆದು ಒಳಗೆ ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಫ್ಲಡ್ ಆಗಿದೆ. ಆಗ ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ. ಹೆಚ್ಚಿನ ಎಂಪಿಎಫ್‌ಐ ಗಾಡಿಗಳಲ್ಲಿ ಹೀಗೆ ಮಾಡಿದರೆ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸಿ ಒಳಗಿನದು ಆರುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಮಧ್ಯೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಟ್ಟು ಇನ್ನೊಂದು ಖರ್ಚು.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ತಗೊಳ್ಳಿ. ವೈರ್ ಕೈಯಲ್ಲಿ ಹಿಡಿದು ಇಂಜಿನ್‌ಗೆ ತಾಗಿಸಿ ನೋಡುವ ಹಳೇ ಪದ್ಧತಿ ಬೇಡ. ಪೆಟ್ರೋಲ್ ಆವಿ ಇರುವ ಜಾಗ ಅದು, ನಿಮಗೂ ಹೊಡೆಯುತ್ತದೆ. ಮಳೆಯಲ್ಲಿ ನಿಂತ ಗಾಡಿಗೆ ಇನ್ನೊಂದು ಪರೀಕ್ಷೆ ಇದೆ, ರಾತ್ರಿ ಮಾಡಬೇಕು. ದೀಪವೆಲ್ಲ ಆರಿಸಿ, ಬಾನೆಟ್ ಎತ್ತಿ, ಒಬ್ಬರು ಸೆಲ್ಫ್ ಹೊಡೆಯುವಾಗ ದೂರ ನಿಂತು ನೋಡಿ. ಪ್ಲಗ್ ವೈರ್‌ಗಳ ಮೈಮೇಲೆ ನೀಲಿ ಗೆರೆಗಳು ಚಟಚಟ ಓಡಾಡಿದರೆ ಕರೆಂಟ್ ಪ್ಲಗ್ ಮುಟ್ಟುವ ಮುಂಚೆಯೇ ಸೋರುತ್ತಿದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಇಂಜಿನ್ ಆದರೆ ಅದರ ಮುಚ್ಚಳದ ಒಳಗೂ ನೋಡಿ, ತೇವ ಇದ್ದರೆ ಒರೆಸಿ ಒಣಗಿಸಿ. ಕೂದಲೆಳೆಯಷ್ಟು ಕರಿ ಗೆರೆ ಕಂಡರೆ ಮುಚ್ಚಳ ಸೀಳಿದೆ ಅಂತ ಲೆಕ್ಕ.

ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ ಅಂದರೆ ಇಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ ತಿಳಿಸುವ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು. ಕೊಟ್ಟಿಗೆ ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಅಡಿಕೆ ಸಿಪ್ಪೆಯ ಜುಂಗು, ಹುಲ್ಲು, ಹಿಕ್ಕೆ ಸಿಕ್ಕರೆ ಇಲಿ ಸಂಸಾರ ಹೂಡಿದೆ. ಆಮೇಲೆ ಇಂಜಿನ್ ಹಿಂದೆ ಹೋಗುವ ವೈರಿಂಗ್ ಕಟ್ಟನ್ನು ಬೆರಳಲ್ಲಿ ಸವರುತ್ತ ಬನ್ನಿ. ಮೇಲಿಂದ ಚೆನ್ನಾಗಿ ಕಂಡು ಕೆಳಭಾಗದಲ್ಲಿ ತಾಮ್ರ ಬಿಟ್ಟುಕೊಂಡಿರುತ್ತದೆ. ಸೆನ್ಸರ್ ವೈರ್ ಒಂದು ತುಂಡಾದರೂ ಸಾಕು, ಗಾಡಿ ಹೀಗೇ ಆಡುತ್ತದೆ.

ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ತುಂಡಾಗಿದ್ದರೆ ಸೆಲ್ಫ್ ಸದ್ದೇ ಬದಲಾಗುತ್ತದೆ. ಏರಿಳಿತದ ಲಯ ಹೋಗಿ ತಡೆಯೇ ಇಲ್ಲದೆ ಸುಯ್ಯನೆ ತಿರುಗುತ್ತದೆ. ಹಾಗೆ ಕೇಳಿಸಿದರೆ ಮುಂದೆ ಸೆಲ್ಫ್ ಹೊಡೆಯದೆ ಬೆಲ್ಟ್ ಕವರ್ ಬಿಚ್ಚಿಸಿ.

ಊರಿನವರು ಎರಡು ಸಲಹೆ ಕೊಡುತ್ತಾರೆ, ಕೇಳಬೇಡಿ. ಒಂದು, ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಸುರಿಯುವುದು: ಬ್ಯಾಕ್‌ಫೈರ್ ಆದರೆ ಬೆಂಕಿ ಮುಖಕ್ಕೇ ಬರುತ್ತದೆ. ಇನ್ನೊಂದು, ಇಳಿಜಾರಿನಲ್ಲಿ ತಳ್ಳಿ ಗೇರ್ ಹಾಕುವುದು: ಸೆಲ್ಫ್ ಚೆನ್ನಾಗಿ ತಿರುಗುತ್ತಿರುವಾಗ ತಳ್ಳಿ ಆಗುವುದೇನೂ ಇಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು.

ಇಷ್ಟೆಲ್ಲ ಸರಿ ಇದ್ದು ಗಾಡಿ ಏಳದಿದ್ದರೆ ಮಾತ್ರ ಇಸಿಎಂ ಕಡೆ ಬನ್ನಿ. ಅದರ ಕನೆಕ್ಟರ್‌ನಲ್ಲಿ ಬ್ಯಾಟರಿ ಕರೆಂಟೂ ಅರ್ತೂ ಸರಿಯಾಗಿವೆ, ಆದರೂ ಆಕ್ಸಿಲರೇಟರ್ ಎಷ್ಟು ತುಳಿದಿದೆ ಅಂತ ತಿಳಿಸುವ ಥ್ರಾಟಲ್ ಸೆನ್ಸರ್‌ಗೆ ಇಸಿಎಂ ಕೊಡಬೇಕಾದ 5 ವೋಲ್ಟ್ ಬರುತ್ತಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಸೆನ್ಸರ್‌ಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಅಳೆಸಿ, ಒಂದು ಕೆಟ್ಟ ಸೆನ್ಸರ್ ಆ 5 ವೋಲ್ಟನ್ನು ಪೂರ್ತಿ ಎಳೆದು ಹಾಕಬಲ್ಲದು. ಎಲ್ಲ ಕಿತ್ತ ಮೇಲೂ ಬರಲಿಲ್ಲ, ಮಧ್ಯದ ವೈರೂ ಸರಿ ಇದೆ ಅಂದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ. ಆಗ ಸೆಕೆಂಡ್ ಹ್ಯಾಂಡ್ ಇಸಿಎಂ ತರುವುದಾದರೆ ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡೇ ಹೋಗಿ, ಒಂದಕ್ಷರ ಬೇರೆ ಇದ್ದರೂ ದುಡ್ಡು ಕೊಡಬೇಡಿ.