ತಡೆಯನ್ನೇ ಅಲುಗಾಡಿಸಿದರೆ ಎಲೆಕ್ಟ್ರಾನ್ ನಿಲ್ಲುತ್ತದಾ?

ಪ್ರಶ್ನೆ: ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರ್ಯಾಫೀನ್‌ನಲ್ಲಿ ಎಲೆಕ್ಟ್ರಾನಿಗೆ ಅಡ್ಡಲಾಗಿ ವಿದ್ಯುತ್ ತಡೆ ಒಡ್ಡಿದರೂ ಅದು ದಾಟಿ ಹೋಗುತ್ತದೆ ಅಂತ ಓದಿದೆ. ಆ ತಡೆಯ ಎತ್ತರವನ್ನು ಜೋರಾಗಿ ಏರಿಳಿಸುತ್ತಾ ಇದ್ದರೆ? ಆಗಲಾದರೂ ನಿಲ್ಲುತ್ತದಾ?
– ಎಂ.ಎಸ್‌ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೆಟ್ಟಗೆ ಎದುರಿನಿಂದ ಬಂದರೆ ಆಗಲೂ ನಿಲ್ಲುವುದಿಲ್ಲ. ಆದರೆ ಬಂದ ಹಾಗೇ ಹೋಗುವುದೂ ಇಲ್ಲ. ನನಗೆ ಈ ವಿಷಯ ಇಷ್ಟವಾಗುವುದೇ ಅದಕ್ಕೆ.

ಮೊದಲು ಅಲುಗಾಡದ ತಡೆ ನೋಡೋಣ. ಮಾಮೂಲಿ ವಸ್ತುವಿನಲ್ಲಿ ತಡೆ ದಪ್ಪವಾದಷ್ಟೂ ಎಲೆಕ್ಟ್ರಾನ್ ನುಸುಳುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಇದಕ್ಕೆ ತಿರುಗುಮುರುಗಾದ ಉತ್ತರವೊಂದು 1929ರಲ್ಲೇ ಭೌತವಿಜ್ಞಾನಿ ಆಸ್ಕರ್ ಕ್ಲೈನ್ ಅವರಿಗೆ, ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನುಗಳನ್ನೂ ವಿವರಿಸುವ ಡಿರಾಕ್ ಸಮೀಕರಣದಿಂದ ಸಿಕ್ಕಿತ್ತು: ತಡೆ ತುಂಬಾ ಎತ್ತರವಾದರೆ ಎಲೆಕ್ಟ್ರಾನ್ ಸಲೀಸಾಗಿ ಒಳಗೆ ಹೋಗುತ್ತದೆ. ಅದನ್ನು ಖಾಲಿ ಜಾಗದಲ್ಲಿ ಪರೀಕ್ಷಿಸಬೇಕೆಂದರೆ ಹತ್ತು ಲಕ್ಷ ವೋಲ್ಟಿಗೂ ಜಾಸ್ತಿ ಏರಿಕೆ ಒಂದು ಪರಮಾಣುವಿಗಿಂತ ಕಿರಿದಾದ ಜಾಗದಲ್ಲಿ ಆಗಬೇಕು. ಯಾರ ಕೈಲಾಗುತ್ತದೆ?

ಗ್ರ್ಯಾಫೀನ್ ಬಂದ ಮೇಲೆ ದಾರಿ ತೆರೆಯಿತು. ಇದರಲ್ಲಿ ಎಲೆಕ್ಟ್ರಾನುಗಳು ತೂಕವೇ ಇಲ್ಲದ ಕಣಗಳ ಹಾಗೆ ಓಡುತ್ತವೆ. ವೇಗ ಸೆಕೆಂಡಿಗೆ ಸುಮಾರು 10 ಲಕ್ಷ ಮೀಟರ್, ಅಂದರೆ ಬೆಳಕಿನ ವೇಗದ 300ರಲ್ಲಿ ಒಂದು ಪಾಲು. ಹಾಗಾಗಿ ಒಂದು ವೋಲ್ಟಿಗಿಂತ ಕಡಿಮೆ ತಡೆಯಲ್ಲೇ ಕ್ಲೈನ್ ಹೇಳಿದ್ದನ್ನು ನೋಡಬಹುದು ಎಂದು 2006ರಲ್ಲಿ ಕಾಟ್ಸ್‌ನೆಲ್ಸನ್, ನೊವೊಸೆಲೊವ್, ಗೈಮ್ ತೋರಿಸಿದರು. 2009ರಲ್ಲಿ ಕೊಲಂಬಿಯಾ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಪ್ರಯೋಗಗಳಲ್ಲಿ ಅದಕ್ಕೆ ಪುರಾವೆಯೂ ಸಿಕ್ಕಿತು.

ಕಾರಣ ಜೇನುಗೂಡಿನ ಆಕಾರದ ಆ ಜಾಲರಿಯಲ್ಲೇ ಇದೆ. ಅದರಲ್ಲಿ ಇಂಗಾಲದ ಪರಮಾಣುಗಳ ಎರಡು ಗುಂಪುಗಳಿವೆ. ಎಲೆಕ್ಟ್ರಾನಿನ ಅಲೆ ಈ ಎರಡರಲ್ಲಿ ಹೇಗೆ ಹಂಚಿಕೊಂಡಿದೆ ಎನ್ನುವುದಕ್ಕೆ ಸೂಡೊಸ್ಪಿನ್ ಅನ್ನುತ್ತಾರೆ, ಅದು ಎಲೆಕ್ಟ್ರಾನ್ ಓಡುವ ದಿಕ್ಕಿಗೆ ಗಂಟು ಬಿದ್ದಿರುತ್ತದೆ. ಪೂರ್ತಿ ಹಿಂದಕ್ಕೆ ತಿರುಗಬೇಕಾದರೆ ಸೂಡೊಸ್ಪಿನ್ ಕೂಡ ಪೂರ್ತಿ ತಿರುಗಬೇಕು. ಹತ್ತಿರದ ವಿದ್ಯುದ್ವಾರಕ್ಕೆ (ಇದೇ ಗೇಟ್) ವೋಲ್ಟೇಜ್ ಕೊಟ್ಟು ಮಾಡಿದ ತಡೆಗೆ ಎರಡು ಗುಂಪುಗಳೂ ಒಂದೇ, ಹಾಗಾಗಿ ಅದನ್ನು ತಿರುಗಿಸುವ ಶಕ್ತಿ ಅದಕ್ಕಿಲ್ಲ.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರೋಣ. ತಡೆಯನ್ನು ಏರಿಳಿಸಿದರೂ ಅದು ಎರಡು ಗುಂಪುಗಳಿಗೂ ಒಂದೇ ಸಮನಾಗಿಯೇ ಏರಿಳಿಯುತ್ತದೆ, ಅಲ್ವಾ? ಆದ್ದರಿಂದ ಎಲೆಕ್ಟ್ರಾನ್ ಹಿಂದೆ ತಿರುಗುವ ಪ್ರಶ್ನೆಯೇ ಇಲ್ಲ. ಬದಲಾಗುವುದು ಅದರ ಅಲೆಯ ಫೇಸ್ ಮಾತ್ರ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದು. ಆದರೆ ಫೇಸ್ ಕಾಲದ ಜೊತೆ ಕುಲುಕಿದರೆ ಹೊಸ ಆವರ್ತನಗಳು ಹುಟ್ಟುತ್ತವೆ, ಎಫ್‌ಎಂ ರೇಡಿಯೋದಲ್ಲಿ ಮುಖ್ಯ ಅಲೆಯ ಅಕ್ಕಪಕ್ಕ ಪಟ್ಟಿಗಳು ಏಳುವ ಹಾಗೆಯೇ, ಗಣಿತವೂ ಅದೇ ಬೆಸೆಲ್ ಫಂಕ್ಷನ್‌ಗಳದ್ದು. ಎಲೆಕ್ಟ್ರಾನಿಗೆ ಆವರ್ತನ ಅಂದರೆ ಶಕ್ತಿ. ಹಾಗಾಗಿ ದಾಟಿದ ಮೇಲೆ ಅದರ ಶಕ್ತಿ ಮೊದಲಿನಷ್ಟೇ ಇರಬಹುದು, ಒಂದು ಮೆಟ್ಟಿಲು ಮೇಲೋ ಕೆಳಗೋ ಇರಬಹುದು, ಎರಡು ಮೆಟ್ಟಿಲೂ ಆಗಬಹುದು. ಎಲ್ಲ ಸಾಧ್ಯತೆಗಳನ್ನು ಕೂಡಿಸಿದರೆ ಉತ್ತರ ಸರಿಯಾಗಿ 1. ಇಂಥ ಮೆಟ್ಟಿಲುಗಳ ಲೆಕ್ಕವನ್ನು ಟೀನ್ ಮತ್ತು ಗಾರ್ಡನ್ 1963ರಲ್ಲಿ ಸೂಪರ್‌ಕಂಡಕ್ಟರುಗಳಿಗಾಗಿ ಮಾಡಿದ್ದರು.

ಮೆಟ್ಟಿಲಿನ ಎತ್ತರ ಏರಿಳಿತದ ಆವರ್ತನಕ್ಕೆ ತಕ್ಕಂತೆ. ಸೆಕೆಂಡಿಗೆ ಲಕ್ಷ ಕೋಟಿ ಸಲ ಏರಿಳಿದರೆ, ಅಂದರೆ 1 ಟೆರಾಹರ್ಟ್ಸ್‌ಗೆ ಅದು ಸುಮಾರು 4.1 ಮಿಲಿ ಎಲೆಕ್ಟ್ರಾನ್ ವೋಲ್ಟ್. ಅಷ್ಟು ವೇಗ ಯಾಕೆ ಬೇಕು? 100 ನ್ಯಾನೊಮೀಟರ್ ಅಗಲದ ತಡೆಯನ್ನು ಎಲೆಕ್ಟ್ರಾನ್ 0.1 ಪಿಕೊಸೆಕೆಂಡಿನಲ್ಲಿ ದಾಟಿಬಿಡುತ್ತದೆ. ತಡೆ 1 ಗಿಗಾಹರ್ಟ್ಸ್‌ನಲ್ಲಿ ಏರಿಳಿದರೆ ಅಷ್ಟರೊಳಗೆ ಅದು ಕದಲಿಯೇ ಇರುವುದಿಲ್ಲ ಅನ್ನಬೇಕು.

ಹಾಗಂತ ವೇಗ ಜಾಸ್ತಿ ಮಾಡಿದಷ್ಟೂ ಪರಿಣಾಮ ಹೆಚ್ಚುವುದೂ ಇಲ್ಲ. ಅದೇ ತಡೆಯನ್ನು 10 ಟೆರಾಹರ್ಟ್ಸ್‌ನಲ್ಲಿ ಏರಿಳಿಸಿ ನೋಡಿ. ಎಲೆಕ್ಟ್ರಾನ್ ಒಳಗಿರುವಷ್ಟು ಹೊತ್ತಿಗೆ ಸರಿಯಾಗಿ ಒಂದು ಸುತ್ತು ಮುಗಿಯುತ್ತದೆ. ಏರುವಾಗ ಕೂಡಿದ ಫೇಸ್ ಇಳಿಯುವಾಗ ಕಳೆದುಹೋಗುತ್ತದೆ. ಎಲೆಕ್ಟ್ರಾನ್ ಏನೂ ಆಗದವರ ಹಾಗೆ, ಬಂದ ಶಕ್ತಿಯಲ್ಲೇ ಹೊರಗೆ ಬರುತ್ತದೆ! ದಯವಿಟ್ಟು ಈ ಲೆಕ್ಕವನ್ನು ನೀವೇ ಮಾಡಿ. ಒಂದೇ ಒಂದು ಇಂಟಿಗ್ರಲ್, ಅರ್ಧ ಪುಟ ಸಾಕು.

ಓರೆಯಾಗಿ ಬರುವ ಎಲೆಕ್ಟ್ರಾನುಗಳ ಕಥೆ ಬೇರೆ. ಅವು ಸ್ವಲ್ಪ ಹಿಂದಕ್ಕೂ ಪುಟಿಯುತ್ತವೆ. ಮೆಟ್ಟಿಲು ಇಳಿದು ತಡೆಯೊಳಗಿನ ಯಾವುದಾದರೂ ಬಂಧಿತ ಸ್ಥಿತಿಗೆ ತಾಕಿದರೆ ಫ್ಯಾನೊ ಅನುರಣನ ಬರುತ್ತದೆ, ಅಂದರೆ ದಾಟುವ ಪ್ರಮಾಣ ಕಿರಿದಾದ ಶಕ್ತಿಯ ವ್ಯಾಪ್ತಿಯಲ್ಲಿ ಥಟ್ಟನೆ ಏರಿ ಬೀಳುತ್ತದೆ.

ಪ್ರಶ್ನೆ: ಇದೇ ಕಾರಣಕ್ಕೆ ಗ್ರ್ಯಾಫೀನ್ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗುವುದಿಲ್ಲವಾ? ಏರಿಳಿಸುವ ಗೇಟಿನಿಂದ ಅದು ಸರಿಹೋಗುತ್ತದಾ?
– ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ಮೈಸೂರು

ಉತ್ತರ: ಇದೂ ಒಂದು ಕಾರಣ. ಶಕ್ತಿಪಟ್ಟಿಗಳ (ಎಲೆಕ್ಟ್ರಾನುಗಳಿಗೆ ಇರಬಹುದಾದ ಶಕ್ತಿಗಳ ಗುಂಪುಗಳ) ನಡುವೆ ಅಂತರವೇ ಇಲ್ಲದಿರುವುದು ಮೂಲ ತೊಂದರೆ. ಗೇಟನ್ನು ಅಲುಗಾಡಿಸಿದರೆ ಅದು ಸರಿಹೋಗುವುದಿಲ್ಲ. ಆಫ್ ಬೇಕಿದ್ದರೆ ಎರಡು ಪದರದ ಗ್ರ್ಯಾಫೀನ್ ನೋಡಿ. ಅದರಲ್ಲಿ ಅಲುಗಾಡದ ಅಗಲವಾದ ತಡೆಗೆ ನೆಟ್ಟಗೆ ಬಂದ ಎಲೆಕ್ಟ್ರಾನ್ ಹಿಂದಕ್ಕೇ ಪುಟಿಯುತ್ತದೆ, ಒಂದು ಪದರದ್ದಕ್ಕೆ ಪೂರಾ ಉಲ್ಟಾ. ಮೇಲೂ ಕೆಳಗೂ ಗೇಟ್ ಇಟ್ಟು ಲಂಬವಾಗಿ ವಿದ್ಯುತ್ ಕ್ಷೇತ್ರ ಕೊಟ್ಟರೆ ಶಕ್ತಿಪಟ್ಟಿಗಳ ನಡುವೆ ಅಂತರವೂ ತೆರೆದುಕೊಳ್ಳುತ್ತದೆ.